ಕುಕ್ಕರ್ ಕೂಗಿದರೆ ಬಾಯಿಗೆ ಬಟ್ಟೆ ತುರುಕ್ತೀವಾ? ಹೃದಯ ಮತ್ತು ಆಂಟಿಆಕ್ಸಿಡೆಂಟ್ ಮಾತ್ರೆಯ ಕಥೆ

2025ರ ಜೂನ್ ತಿಂಗಳಲ್ಲಿ ಟಿ.ವಿ. ಹಾಕಿದರೆ ಹಾಸನದ್ದೇ ಸುದ್ದಿ. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು ಅನ್ನುವ ವರದಿಗಳು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಉದ್ದನೆಯ ಸಾಲು. ಆಮೇಲೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಸಾವುಗಳು ಹಿಂದಿಗಿಂತ ವಿಪರೀತ ಏನೂ ಏರಿಲ್ಲ ಅಂತ ಅದರಲ್ಲಿತ್ತು. ಸಿಗರೇಟು, ಕುಡಿತ, ಸಕ್ಕರೆ ಕಾಯಿಲೆ, ಬಿ.ಪಿ. ಹೀಗೆ ಗೊತ್ತಿದ್ದ ಹಳೆಯ ಕಾರಣಗಳನ್ನೇ ಅದು ಮತ್ತೆ ಎತ್ತಿ ತೋರಿಸಿತು. ವರದಿ ಓದಿದವರು ಕಡಿಮೆ. ಭಯಪಟ್ಟವರು ಜಾಸ್ತಿ.

ಭಯ ಇದ್ದ ಕಡೆ ಮಾತ್ರೆಗೆ ಗಿರಾಕಿ ಇದ್ದೇ ಇರುತ್ತಾರೆ. ಆ ದಿನಗಳಲ್ಲಿ ನನ್ನ ಫೋನಿಗೂ ಒಂದು ಫಾರ್ವರ್ಡ್ ಬಂತು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ನಮ್ಮ ಹೃದಯಕ್ಕೂ ತುಕ್ಕು ಹಿಡಿಯುತ್ತದಂತೆ. ಅದಕ್ಕೆ ಕಾರಣ ಫ್ರೀ ರ‍್ಯಾಡಿಕಲ್. ಅಂದರೆ ದೇಹದಲ್ಲೇ ಹುಟ್ಟಿ, ಸಿಕ್ಕಿದ್ದನ್ನು ಕೆಡಿಸುವ ಅಣು. ಅದನ್ನು ಹಿಡಿದು ಹಾಕುವ ಆಂಟಿಆಕ್ಸಿಡೆಂಟ್ ಮಾತ್ರೆ ದಿನಕ್ಕೊಂದು ನುಂಗಿದರೆ ತುಕ್ಕು ಮಾಯ. ಹೋಲಿಕೆ ಚೆನ್ನಾಗಿದೆ, ಯಾರಿಗಾದರೂ ಥಟ್ ಅಂತ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಹೀಗೇ ನಂಬಿದ್ದರು. ನಂಬಿ, ಸಾವಿರಾರು ಜನರ ಮೇಲೆ ಪರೀಕ್ಷೆಯನ್ನೂ ಮಾಡಿದರು. ಪರೀಕ್ಷೆ ಸೋತಿತು. ಯಾಕೆ ಸೋತಿತು ಅನ್ನುವುದು ಸೋಲಿಗಿಂತ ಸ್ವಾರಸ್ಯದ ವಿಷಯ. ಹೃದಯದ ಜೀವಕೋಶಗಳು ತಮ್ಮೊಳಗೆ ಹೇಗೆ ಮಾತಾಡಿಕೊಳ್ಳುತ್ತವೆ ಅಂತ ತಿಳಿಯದೆ ಅದು ಅರ್ಥವಾಗುವುದಿಲ್ಲ.

ಲಕ್ಷ ಬಡಿತದ ಖರ್ಚು

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಭಾನುವಾರವೂ ರಜೆ ಇಲ್ಲ. ಈ ದುಡಿಮೆಗೆ ಬೇಕಾದ ಶಕ್ತಿ ಎಟಿಪಿ ಅನ್ನುವ ಅಣುವಿನಿಂದ ಬರುತ್ತದೆ. ಒಂದು ದಿನಕ್ಕೆ ಹೃದಯ ಬಳಸುವ ಎಟಿಪಿಯನ್ನು ತೂಗಿದರೆ ಸುಮಾರು 6 ಕೆ.ಜಿ. ಆಗುತ್ತದೆ. ಹೃದಯದ ತೂಕವೇ 300 ಗ್ರಾಂ ಆಸುಪಾಸು! ಅಷ್ಟನ್ನು ಕೂಡಿಡಲು ಅಲ್ಲಿ ಜಾಗವೇ ಇಲ್ಲ. ಇರುವ ದಾಸ್ತಾನು ಕೆಲವು ಸೆಕೆಂಡಿಗೆ ಮಾತ್ರ ಸಾಕಾಗುತ್ತದೆ. ಖರ್ಚಾದದ್ದನ್ನು ಆಗಿಂದಾಗ್ಗೆ ಮತ್ತೆ ಚಾರ್ಜ್ ಮಾಡುತ್ತಲೇ ಇರಬೇಕು. ಆ ಕೆಲಸ ಕೋಶದೊಳಗಿನ ಪುಟ್ಟ ಪವರ್‌ಹೌಸ್‌ಗಳಾದ ಮೈಟೋಕಾಂಡ್ರಿಯಾಗಳದ್ದು. ಹೃದಯದ ಸ್ನಾಯುಕೋಶದಲ್ಲಿ ಸುಮಾರು ಮೂರನೇ ಒಂದು ಭಾಗ ಜಾಗ ಅವುಗಳಿಗೇ ಬೇಕು.

ಮನೆ ಕಟ್ಟುವಾಗ ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಮೈಟೋಕಾಂಡ್ರಿಯಾದೊಳಗೆ ಎಲೆಕ್ಟ್ರಾನುಗಳು ಹಾಗೆ ದಾಟುತ್ತವೆ. ಸಾಲಿನ ಕೊನೆಯಲ್ಲಿ ಆಮ್ಲಜನಕ ಕಾದಿರುತ್ತದೆ. ಅದು ನಾಲ್ಕು ಎಲೆಕ್ಟ್ರಾನುಗಳನ್ನು ಹಿಡಿದು ನೀರಾಗುತ್ತದೆ. ನಡುವೆ ಯಾರದೋ ಕೈಯಿಂದ ಇಟ್ಟಿಗೆ ಜಾರುವುದೂ ಉಂಟು. ಜಾರಿದ ಒಂದು ಎಲೆಕ್ಟ್ರಾನನ್ನು ಹತ್ತಿರದಲ್ಲಿದ್ದ ಆಮ್ಲಜನಕ ಹಿಡಿದುಕೊಂಡರೆ ಸೂಪರ್‌ಆಕ್ಸೈಡ್ ಆಯಿತು. ಅದನ್ನು ಒಂದು ಕಿಣ್ವ ಕೂಡಲೇ ಹೈಡ್ರೋಜನ್ ಪೆರಾಕ್ಸೈಡ್ ಮಾಡಿಬಿಡುತ್ತದೆ. ಗಾಯ ತೊಳೆಯೋಕೆ ಮೆಡಿಕಲ್ ಶಾಪ್‌ನಿಂದ ತರುತ್ತೀವಲ್ಲ, ಬುರುಬುರು ನೊರೆ ಬರುವ ದ್ರವ, ಅದರಲ್ಲಿರುವುದೂ ಇದೇ. ಈ ಪೆರಾಕ್ಸೈಡ್‌ಗೆ ಬಿಡಿಯಾಗಿ ಓಡಾಡುವ ಕಬ್ಬಿಣದ ಅಂಶ ಸಿಕ್ಕರೆ ಮಾತ್ರ ಅಪಾಯ. ಆಗ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗೆ ಕಂಡದ್ದನ್ನೆಲ್ಲ ಕಚ್ಚುವ ಬುದ್ಧಿ. ಡಿಎನ್‌ಎ, ಕೊಬ್ಬು, ಪ್ರೋಟೀನ್ ಯಾವುದನ್ನೂ ಬಿಡುವುದಿಲ್ಲ.

ತುಕ್ಕಿನ ಸಿದ್ಧಾಂತ ಹುಟ್ಟಿದ್ದು ಇಲ್ಲಿಂದ. 1956ರಲ್ಲಿ ಅಮೆರಿಕದ ಡೆನ್ಹಾಮ್ ಹಾರ್ಮನ್, ಮುಪ್ಪು ಬರುವುದೇ ಫ್ರೀ ರ‍್ಯಾಡಿಕಲ್‌ಗಳಿಂದ ಅಂದರು. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಸೂಪರ್‌ಆಕ್ಸೈಡನ್ನು ಕರಗಿಸುವ ಆ ಕಿಣ್ವವನ್ನು ಗುರುತಿಸಿದರು. ಅದಕ್ಕೆಂದೇ ದೇಹ ಒಂದು ಕಿಣ್ವ ಇಟ್ಟುಕೊಂಡಿದೆ ಅಂದಮೇಲೆ ಅದು ವಿಷವೇ ಇರಬೇಕು ಅಂತ ಎಲ್ಲರ ಲೆಕ್ಕಾಚಾರ. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ‘ಆಕ್ಸಿಡೇಟಿವ್ ಸ್ಟ್ರೆಸ್’ ಅನ್ನುವ ಮಾತಿಗೆ ಸರಿಯಾದ ಅರ್ಥ ಕೊಟ್ಟರು. ಸೂಪರ್‌ಆಕ್ಸೈಡ್, ಪೆರಾಕ್ಸೈಡ್‌ನಂಥ ಆಕ್ಸಿಡೆಂಟ್‌ಗಳು ಮತ್ತು ಅವನ್ನು ತಡೆಯುವ ಶಕ್ತಿಗಳ ತಕ್ಕಡಿ ಆಕ್ಸಿಡೆಂಟ್ ಕಡೆಗೇ ವಾಲುವುದು, ಅಂತ. ಜನರ ಬಾಯಲ್ಲಿ ‘ತಕ್ಕಡಿ’ ಉದುರಿಹೋಯಿತು, ‘ಸ್ಟ್ರೆಸ್’ ಉಳಿಯಿತು.

ಕಸ ಅಂದುಕೊಂಡದ್ದು ಕಾಗದವಾಗಿತ್ತು

1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಟೋರೆನ್ ಫಿಂಕೆಲ್ ತಂಡ ಒಂದು ಸಣ್ಣ ಪ್ರಯೋಗ ಮಾಡಿತು. ರಕ್ತನಾಳದ ಸ್ನಾಯುಕೋಶಗಳಿಗೆ ಬೆಳವಣಿಗೆಯ ಹಾರ್ಮೋನಿನಂಥ ಒಂದು ಪ್ರೋಟೀನ್ ಕೊಟ್ಟರು. ಕೋಶಗಳೊಳಗೆ ಕೆಲವೇ ನಿಮಿಷ ಹೈಡ್ರೋಜನ್ ಪೆರಾಕ್ಸೈಡ್ ಏರಿತು, ಮತ್ತೆ ಇಳಿಯಿತು. ಆ ಪೆರಾಕ್ಸೈಡನ್ನು ಅಳಿಸಿಹಾಕಿದಾಗ ಏನಾಗಬೇಕಿತ್ತು? ತುಕ್ಕಿನ ಲೆಕ್ಕದಲ್ಲಿ ಕೋಶ ಇನ್ನೂ ಗಟ್ಟಿಯಾಗಬೇಕಿತ್ತು. ಆದದ್ದೇ ಬೇರೆ. ಹೊರಗಿನಿಂದ ಬಂದ ಸಂದೇಶ ಒಳಗೆ ತಲುಪಲೇ ಇಲ್ಲ. ಕಸ ಅಂತ ಗುಡಿಸಿ ಎಸೆದದ್ದು ಯಾರೋ ಬರೆದ ಕಾಗದವಾಗಿತ್ತು.

ಪೆರಾಕ್ಸೈಡ್ ಸಂದೇಶ ಒಯ್ಯುವುದು ಹೇಗೆ? ಅನೇಕ ಪ್ರೋಟೀನ್‌ಗಳಲ್ಲಿ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಇರುತ್ತದೆ. ಅದರ ತುದಿಯಲ್ಲಿ ಒಂದು ಗಂಧಕದ ಪರಮಾಣು. ಪೆರಾಕ್ಸೈಡ್ ಬಂದು ಈ ಗಂಧಕವನ್ನು ಮುಟ್ಟಿದರೆ ಪ್ರೋಟೀನಿನ ಆಕಾರ ಸ್ವಲ್ಪ ಬದಲಾಗುತ್ತದೆ. ಕೆಲಸ ಶುರುವಾಗುತ್ತದೆ, ಅಥವಾ ನಿಲ್ಲುತ್ತದೆ. ಆಮೇಲೆ ಬೇರೆ ಕಿಣ್ವಗಳು ಬಂದು ಅದನ್ನು ಮೊದಲಿನ ಹಾಗೆ ಮಾಡುತ್ತವೆ. ಹಚ್ಚಬಹುದು, ಆರಿಸಬಹುದು. ಅಂದರೆ ಸ್ವಿಚ್. ತುಕ್ಕಿಗೆ ಈ ಗುಣ ಇಲ್ಲ ಅಲ್ವಾ?

ನನಗೆ ಇದನ್ನು ಓದುವಾಗಲೆಲ್ಲ ಕುಕ್ಕರ್ ನೆನಪಾಗುತ್ತದೆ. ಕುಕ್ಕರ್ ಕೂಗುವುದು ಒಳಗಿನ ಒತ್ತಡದಿಂದಲೇ. ಆದರೆ ಅಡುಗೆಮನೆಯಲ್ಲಿ ಅದು ಸುದ್ದಿ. ಅನ್ನಕ್ಕೆ ಮೂರು ಕೂಗು, ಕಾಳಿಗೆ ಐದು. ಕೂಗೇ ಇಲ್ಲದಿದ್ದರೆ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ. ಬಿಡದೆ ಕೂಗುತ್ತಿದ್ದರೆ ಅಡಿ ಹಿಡಿಯುತ್ತಿದೆ ಅಂತ ಅರ್ಥ. ಹಾಗಂತ ಸದ್ದು ಕೇಳಿದ ಕೂಡಲೇ ಯಾರೂ ಬಾಯಿಗೆ ಬಟ್ಟೆ ತುರುಕುವುದಿಲ್ಲ.

ಹೃದಯ ಮತ್ತು ರಕ್ತನಾಳದಲ್ಲಿ ಈ ಕೂಗು ಎಷ್ಟು ಬೇಕಾದದ್ದು ಅಂತ ತೋರಿಸಿದ ಪ್ರಯೋಗ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ನಮ್ಮ ರಕ್ತನಾಳಗಳನ್ನು ಸಡಿಲ ಮಾಡುವ ಒಂದು ಪ್ರೋಟೀನ್ ಇದೆ, ಪಿಕೆಜಿ ಅಂತ. ಅದರ ಎರಡು ಭಾಗಗಳು ಜೋಡಿಯಾಗಿ ನಿಂತಿರುತ್ತವೆ. ಎರಡರಲ್ಲೂ 42ನೇ ಜಾಗದಲ್ಲಿ ಒಂದೊಂದು ಸಿಸ್ಟೀನ್. 2007ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಫಿಲಿಪ್ ಈಟನ್ ತಂಡ ಕಂಡದ್ದು ಇದು: ಪೆರಾಕ್ಸೈಡ್ ಬಂದರೆ ಈ ಎರಡು ಗಂಧಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಪಿಕೆಜಿ ಎಚ್ಚರವಾಗುತ್ತದೆ, ರಕ್ತನಾಳ ಸಡಿಲವಾಗುತ್ತದೆ. ಐದು ವರ್ಷದ ನಂತರ ಅವರು ಇಲಿಗಳಲ್ಲಿ ಆ ಸಿಸ್ಟೀನನ್ನು ತೆಗೆದು ಸೆರೀನ್ ಕೂರಿಸಿದರು. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಪರಮಾಣು. ಗಂಧಕದ ಜಾಗದಲ್ಲಿ ಆಮ್ಲಜನಕ, ಅಷ್ಟೇ. ಉಳಿದದ್ದೆಲ್ಲ ಹಾಗೇ ಇತ್ತು. ಆ ಇಲಿಗಳಿಗೆ ಬಿ.ಪಿ. ಬಂತು. ಆಕ್ಸಿಡೆಂಟ್‌ನ ಕೂಗು ಕೇಳಿಸದ ಕಿವುಡಿನಿಂದಲೇ ರಕ್ತದೊತ್ತಡ ಏರಿತು.

ಬಾಗಿಲಿಗೆ ಇಟ್ಟ ಕಲ್ಲು

ಹಾಗಾದರೆ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು ಸುಮ್ನೆ ಗುಮ್ಮನಾ? ಖಂಡಿತ ಅಲ್ಲ. ಕೂಗು ನಿಲ್ಲದೇ ಹೋದಾಗ, ಬೇಡದ ಜಾಗದಲ್ಲಿ ಕೇಳಿಸಿದಾಗ, ಹೃದಯದ ಸಿಗ್ನಲ್‌ಗಳೇ ದಾರಿ ತಪ್ಪುತ್ತವೆ.

ಪ್ರತಿ ಬಡಿತಕ್ಕೂ ಹೃದಯದ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಇಳಿಯುತ್ತದೆ. ಏರಿದಾಗ ಕೋಶ ಕುಗ್ಗುತ್ತದೆ, ಇಳಿದಾಗ ಸಡಿಲಾಗುತ್ತದೆ. ಈ ಏರಿಳಿತವನ್ನು ಗಮನಿಸಿ ನಡೆಯುವ ಒಂದು ಕಿಣ್ವ ಇದೆ. ಹೆಸರು ಕ್ಯಾಮ್‌ಕೈನೇಸ್‌-2. ಕ್ಯಾಲ್ಸಿಯಂ ಬಂದಾಗ ಅದರ ಬಾಗಿಲು ತೆರೆಯುತ್ತದೆ, ಹೋದಾಗ ಮುಚ್ಚಿಕೊಳ್ಳುತ್ತದೆ. ತೆರೆದಿರುವಷ್ಟು ಹೊತ್ತು ಹೃದಯಕ್ಕೆ ‘ಇನ್ನೂ ಜೋರು’ ಅನ್ನುತ್ತಿರುತ್ತದೆ. ಮೆಟ್ಟಿಲು ಹತ್ತುವಾಗ ಬೇಕಾದದ್ದೇ.

2008ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಆಂಡರ್ಸನ್ ತಂಡ ಈ ಬಾಗಿಲಿನ ಹತ್ತಿರ ಎರಡು ಅಮೈನೋ ಆಮ್ಲಗಳನ್ನು ಗುರುತಿಸಿತು. 281 ಮತ್ತು 282ನೇ ಜಾಗದ ಮೆಥಿಯೋನಿನ್‌ಗಳು. ಇವೂ ಗಂಧಕ ಇರುವಂಥವೇ. ಬಾಗಿಲು ತೆರೆದಿದ್ದಾಗ ಆಕ್ಸಿಡೆಂಟ್ ಬಂದು ಇವನ್ನು ಮುಟ್ಟಿದರೆ ಬಾಗಿಲು ಮತ್ತೆ ಮುಚ್ಚುವುದಿಲ್ಲ. ಗಾಳಿಗೆ ಬಡಿಯದಿರಲಿ ಅಂತ ಬಾಗಿಲಿಗೆ ಕಲ್ಲು ಇಡುತ್ತೀವಲ್ಲ, ಹಾಗೆ. ಕ್ಯಾಲ್ಸಿಯಂ ಇಳಿದರೂ ಕಿಣ್ವ ‘ಇನ್ನೂ ಜೋರು, ಇನ್ನೂ ಜೋರು’ ಅನ್ನುತ್ತಲೇ ಇರುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ತುಂಬಿಟ್ಟ ಚೀಲ ಸೋರತೊಡಗುತ್ತದೆ. ಬಡಿತದ ಲಯ ಕೆಡುತ್ತದೆ. ಇದು ಹಾಗೇ ಮುಂದುವರಿದರೆ ಕೋಶ ಸಾಯುತ್ತದೆ. 2013ರಲ್ಲಿ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಕಾಯಿಲೆ ಇರುವ ರೋಗಿಗಳ ಹೃದಯದ ತುಣುಕುಗಳನ್ನು ನೋಡಿದಾಗ, ಹೀಗೆ ಕಲ್ಲು ಸಿಕ್ಕಿಕೊಂಡ ಕಿಣ್ವ ಮಾಮೂಲಿಗಿಂತ ಜಾಸ್ತಿ ಇತ್ತು. ಕಲ್ಲನ್ನು ತೆಗೆಯುವ ಕಿಣ್ವವೂ ದೇಹದಲ್ಲಿದೆ. ಅದರ ಕೈ ಸೋತಾಗಲೇ ತೊಂದರೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕಲ್ಲು ತಂದಿಟ್ಟವರು ಯಾರು? ಬರೀ ಮೈಟೋಕಾಂಡ್ರಿಯಾದಿಂದ ಜಾರಿದ ಇಟ್ಟಿಗೆಗಳಲ್ಲ. ದೇಹದಲ್ಲಿ ನಾಕ್ಸ್ ಅನ್ನುವ ಕಿಣ್ವಗಳ ಒಂದು ಕುಟುಂಬವೇ ಇದೆ. ಆಕ್ಸಿಡೆಂಟ್‌ಗಳನ್ನು ಬೇಕೆಂದೇ ತಯಾರಿಸುವುದು ಅವುಗಳ ಕಸುಬು. ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್ ಅನ್ನುವ ಹಾರ್ಮೋನು ಬಂದರೆ ರಕ್ತನಾಳದ ಕೋಶಗಳಲ್ಲಿ ಈ ಕಿಣ್ವ ಚುರುಕಾಗುತ್ತದೆ ಅಂತ 1994ರಲ್ಲೇ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಕ್ಯಾಥಿ ಗ್ರೀಂಡ್ಲಿಂಗ್ ತಂಡ ತೋರಿಸಿತ್ತು. ಅಯೋವಾದವರು ತಮ್ಮ ಪ್ರಯೋಗದಲ್ಲಿ ಕಂಡದ್ದೂ ಇದೇ ದಾರಿ: ಆಂಜಿಯೋಟೆನ್ಸಿನ್, ನಾಕ್ಸ್, ಬಾಗಿಲ ಕಲ್ಲು, ಕೋಶದ ಸಾವು. ಈ ದಾರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಹಾನಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಎದೆನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಗೊತ್ತಲ್ಲ? ಅದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳವನ್ನು ಸಡಿಲ ಮಾಡುತ್ತದೆ. ನಮ್ಮ ರಕ್ತನಾಳದ ಒಳಪದರ ಇದನ್ನು ತಾನೇ ದಿನವಿಡೀ ತಯಾರಿಸುತ್ತಿರುತ್ತದೆ. ಈ ಸಂಗತಿ ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ಸೂಪರ್‌ಆಕ್ಸೈಡ್ ಹತ್ತಿರದಲ್ಲಿದ್ದರೆ ನೈಟ್ರಿಕ್ ಆಕ್ಸೈಡನ್ನು ಕಣ್ಣು ಮಿಟುಕಿಸುವ ಮೊದಲೇ ಕಸಿದುಕೊಳ್ಳುತ್ತದೆ. ಸಡಿಲ ಮಾಡುವ ಸಂದೇಶ ಅಲ್ಲಿಗೇ ಹೋಯಿತು. ಅಷ್ಟೇ ಅಲ್ಲ, ಎರಡೂ ಸೇರಿ ಪೆರಾಕ್ಸಿನೈಟ್ರೈಟ್ ಅನ್ನುವ ಇನ್ನೊಂದು ಕಚ್ಚುವ ಅಣು ಹುಟ್ಟುತ್ತದೆ. ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತನಾಳ ಬಿಗಿಯಾಗುವುದಕ್ಕೆ ಇದೂ ಒಂದು ಕಾರಣ.

ರಕ್ತ ಮರಳಿದ ಕ್ಷಣ

ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅದನ್ನು ಆದಷ್ಟು ಬೇಗ ತೆರೆಯಬೇಕು. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಮಾಡುವುದು ಇದನ್ನೇ. ಕಟ್ಟಿಕೊಂಡ ಹೆಪ್ಪನ್ನು ಕರಗಿಸುತ್ತದೆ. ದೊಡ್ಡ ಆಸ್ಪತ್ರೆಯಲ್ಲಾದರೆ ಆಂಜಿಯೋಪ್ಲಾಸ್ಟಿ. ಇದರಲ್ಲಿ ತಡ ಮಾಡಬಾರದು, ಎರಡು ಮಾತಿಲ್ಲ.

ಆದರೆ ರಕ್ತ ಮರಳಿ ಹರಿಯುವ ಮೊದಲ ಕೆಲವು ನಿಮಿಷಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಕಾಪಾಡಲು ಬಂದ ಆಮ್ಲಜನಕವೇ ಅಲ್ಲಿ ಬೆಂಕಿ ಹಚ್ಚುತ್ತದೆ. ಇದು ಬಹಳ ವರ್ಷಗಳಿಂದ ಗೊತ್ತಿತ್ತು. ಮೈಟೋಕಾಂಡ್ರಿಯಾ ಹಾಳಾಗಿರುತ್ತವೆ, ಅಲ್ಲಲ್ಲಿ ಸೋರುತ್ತವೆ, ಹಾಗಾಗಿ ಆಕ್ಸಿಡೆಂಟ್‌ಗಳು ಚಿಮ್ಮುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. 2014ರಲ್ಲಿ ಕೇಂಬ್ರಿಡ್ಜಿನ ಮೈಕೆಲ್ ಮರ್ಫಿ ಮತ್ತು ಜೊತೆಗಾರರು ತೋರಿಸಿದ್ದು ಬೇರೆಯೇ. ರಕ್ತ ಇಲ್ಲದಾಗ ಕೋಶದಲ್ಲಿ ಸಕ್ಸಿನೇಟ್ ಅನ್ನುವ ಪದಾರ್ಥ ಗುಡ್ಡೆ ಬೀಳುತ್ತದೆ. ಮಾಮೂಲಿ ದಿನಗಳಲ್ಲಿ ಮೈಟೋಕಾಂಡ್ರಿಯಾ ಅದನ್ನು ಇಂಧನವಾಗಿ ಉರಿಸುತ್ತವೆ. ಆಮ್ಲಜನಕ ಮರಳಿದ ಕೂಡಲೇ ಈ ಗುಡ್ಡೆಯೆಲ್ಲ ಒಟ್ಟಿಗೆ ಉರಿಯತೊಡಗುತ್ತದೆ. ಎಲೆಕ್ಟ್ರಾನುಗಳ ನೂಕುನುಗ್ಗಲು. ಮುಂದೆ ಹೋಗಲು ಜಾಗ ಇಲ್ಲ. ಕಾಲುವೆಯ ನೀರು ಹಿಂದಕ್ಕೆ ಹರಿದ ಹಾಗೆ ಅವು ಸಾಲಿನ ಮೊದಲ ಮೆಟ್ಟಿಲಿಗೇ ವಾಪಸ್ ನುಗ್ಗುತ್ತವೆ. ಅಲ್ಲಿ ಸೂಪರ್‌ಆಕ್ಸೈಡ್ ಬುಗ್ಗೆಯಾಗಿ ಹುಟ್ಟುತ್ತದೆ. ಅಂದರೆ ಈ ಬೆಂಕಿ ಎಲ್ಲೆಂದರಲ್ಲಿ ಸೋರಿದ್ದರಿಂದ ಹತ್ತಿದ್ದಲ್ಲ. ಒಂದು ನಿರ್ದಿಷ್ಟ ಜಾಗ, ಒಂದು ನಿರ್ದಿಷ್ಟ ಸಮಯ, ಒಂದು ನಿರ್ದಿಷ್ಟ ಇಂಧನ.

ಇದಕ್ಕೂ ಮುಂಚಿನ, 1986ರ ಪ್ರಯೋಗ ಇನ್ನೂ ವಿಚಿತ್ರ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮರ್ರಿ, ಜೆನ್ನಿಂಗ್ಸ್ ಮತ್ತು ರೈಮರ್ ಅನ್ನುವ ವಿಜ್ಞಾನಿಗಳು ನಾಯಿಗಳ ಹೃದಯದ ರಕ್ತನಾಳವನ್ನು 40 ನಿಮಿಷ ಕಟ್ಟಿ ಬಿಚ್ಚಿದರು. ಅಪಾಯದಲ್ಲಿದ್ದ ಸ್ನಾಯುವಿನಲ್ಲಿ ಸುಮಾರು ಶೇ. 29 ಸತ್ತಿತು. ಇನ್ನು ಕೆಲವು ನಾಯಿಗಳಿಗೆ ಅದಕ್ಕೂ ಮೊದಲು ಐದೈದು ನಿಮಿಷ, ನಾಲ್ಕು ಸಲ ಕಟ್ಟಿ ಬಿಚ್ಚಿದರು. ಆಮೇಲೆ 40 ನಿಮಿಷ. ಒಟ್ಟು ಹೊಡೆತ ಜಾಸ್ತಿಯಾಯಿತು. ಸತ್ತ ಸ್ನಾಯು ಮಾತ್ರ ಸುಮಾರು ಶೇ. 7ಕ್ಕೆ ಇಳಿಯಿತು!

ಸಣ್ಣ ಏಟು ದೊಡ್ಡ ಏಟಿಗೆ ಹೃದಯವನ್ನು ತಯಾರು ಮಾಡಿತ್ತು. ಆ ತಯಾರಿಯ ಸುದ್ದಿ ಒಯ್ದವರು ಯಾರು? 1990ರ ದಶಕದಲ್ಲಿ ಮೊಲಗಳ ಹೃದಯದಲ್ಲಿ ಪರೀಕ್ಷಿಸಿದರು. ಸಣ್ಣ ಏಟು ಕೊಡುವ ಹೊತ್ತಿಗೆ ಆಂಟಿಆಕ್ಸಿಡೆಂಟ್ ಹಾಕಿದರೆ ಆ ರಕ್ಷಣೆ ಕೈತಪ್ಪುತ್ತಿತ್ತು. ಹಾಗಾದರೆ ಅದೇ ಆಕ್ಸಿಡೆಂಟ್, ಏಟಿಗೆ ಮುಂಚೆ ಸ್ವಲ್ಪ ಬಂದರೆ ಕಾವಲುಗಾರ. ಏಟಿನ ನಂತರ ಬುಗ್ಗೆಯಾಗಿ ಬಂದರೆ ಕೊಲೆಗಾರ. ಈ ಎರಡರ ನಡುವಿನ ವ್ಯತ್ಯಾಸ ದಿನಕ್ಕೊಂದು ಮಾತ್ರೆಗೆ ಹೇಗೆ ಗೊತ್ತಾಗಬೇಕು, ನೀವೇ ಹೇಳಿ.

ಹಸಿರು ಕ್ಯಾಪ್ಸೂಲಿನ ಪರೀಕ್ಷೆ

ವಿಟಮಿನ್ ಇ ಕ್ಯಾಪ್ಸೂಲನ್ನು ನಮ್ಮಲ್ಲಿ ಕೂದಲಿಗೆ, ಮುಖಕ್ಕೆ ಹಚ್ಚುವವರೇ ಬಹಳ. ಹಚ್ಚಿಕೊಳ್ಳಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ನುಂಗಿದರೆ ಹೃದಯಕ್ಕೆ ಒಳ್ಳೆಯದಾ ಅನ್ನುವುದೇ ಪ್ರಶ್ನೆ. 1990ರ ದಶಕದಲ್ಲಿ ಉತ್ತರ ‘ಹೌದು’ ಅಂತಲೇ ಕಾಣುತ್ತಿತ್ತು. ವಿಟಮಿನ್ ಇ ಜಾಸ್ತಿ ತಿನ್ನುವವರಿಗೆ ಹೃದಯಾಘಾತ ಕಡಿಮೆ ಅಂತ ಸಮೀಕ್ಷೆಗಳು ಹೇಳಿದ್ದವು. 1996ರಲ್ಲಿ ಕೇಂಬ್ರಿಡ್ಜಿನಲ್ಲಿ ಸುಮಾರು 2,000 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲೂ ಹೃದಯಾಘಾತ ಕಡಿಮೆಯಾದ ಹಾಗಿತ್ತು.

ಆಮೇಲೆ ಬಂದದ್ದು ‘ಹೋಪ್’ ಅನ್ನುವ ದೊಡ್ಡ ಪರೀಕ್ಷೆ. ಹೃದಯ ಕಾಯಿಲೆಯ ಅಪಾಯ ಹೆಚ್ಚಿರುವ 9,500ಕ್ಕೂ ಹೆಚ್ಚು ಮಂದಿ. ಅರ್ಧ ಜನಕ್ಕೆ ದಿನಾ 400 ಯೂನಿಟ್ ವಿಟಮಿನ್ ಇ, ಉಳಿದವರಿಗೆ ಖಾಲಿ ಮಾತ್ರೆ. 2000ನೇ ಇಸವಿಯಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು, ಸಾವು ಯಾವುದರಲ್ಲೂ ವ್ಯತ್ಯಾಸ ಇಲ್ಲ. ಇನ್ನಷ್ಟು ದಿನ ಕೊಟ್ಟರೆ ಏನಾದರೂ ಆದೀತು ಅಂತ ಸುಮಾರು 7 ವರ್ಷ ಮುಂದುವರಿಸಿ ನೋಡಿದರು. 2005ರಲ್ಲಿ ವರದಿ. ವಿಟಮಿನ್ ಇ ನುಂಗಿದವರಲ್ಲಿ ಹೃದಯ ವೈಫಲ್ಯ ಸುಮಾರು ಶೇ. 13ರಷ್ಟು ಜಾಸ್ತಿ!

ಬ್ರಿಟನ್ನಿನಲ್ಲಿ 20,536 ಜನರ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ವಿಟಮಿನ್ ಇ, ಸಿ, ಬೀಟಾ ಕ್ಯಾರೋಟೀನ್ ಮೂರನ್ನೂ ಒಟ್ಟಿಗೆ 5 ವರ್ಷ ಕೊಟ್ಟರು. 2002ರ ಫಲಿತಾಂಶ: ಏನೂ ಇಲ್ಲ. ಅಮೆರಿಕದ 14,641 ಗಂಡು ಡಾಕ್ಟರ್‌ಗಳೇ ನುಂಗಿ ನೋಡಿದ ಪರೀಕ್ಷೆ 2008ರಲ್ಲಿ ಮುಗಿಯಿತು. ಹೃದಯಕ್ಕೆ ಏನೂ ಇಲ್ಲ. ಅಮೆರಿಕದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ 2022ರಲ್ಲಿ ನೇರವಾಗಿ ಹೇಳಿತು, ಹೃದಯ ಕಾಯಿಲೆ ತಡೆಯೋಕೆ ಅಂತ ವಿಟಮಿನ್ ಇ ಅಥವಾ ಬೀಟಾ ಕ್ಯಾರೋಟೀನ್ ತೆಗೆದುಕೊಳ್ಳಬೇಡಿ ಅಂತ.

ಹೋಪ್ ಪರೀಕ್ಷೆಯಲ್ಲಿ ಇನ್ನೊಂದು ಅರ್ಧ ಇತ್ತು. ಅದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಅಲ್ಲೇ ಇದೆ. ಅದೇ ಜನರಲ್ಲಿ ರಾಮಿಪ್ರಿಲ್ ಅನ್ನುವ ಬಿ.ಪಿ. ಮಾತ್ರೆಯನ್ನೂ ಪರೀಕ್ಷಿಸಿದ್ದರು. ರಾಮಿಪ್ರಿಲ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಒಟ್ಟಾಗಿ ಸುಮಾರು ಶೇ. 22ರಷ್ಟು ಕಡಿಮೆಯಾದವು. ರಾಮಿಪ್ರಿಲ್ ಏನು ಮಾಡುತ್ತದೆ? ಆಂಜಿಯೋಟೆನ್ಸಿನ್ ತಯಾರಾಗುವುದನ್ನು ತಡೆಯುತ್ತದೆ. ಆಗ ಹೇಳಿದ ದಾರಿ ನೆನಪಿದೆಯಾ? ಆಂಜಿಯೋಟೆನ್ಸಿನ್ ಬಾರದಿದ್ದರೆ ನಾಕ್ಸ್ ಕಿಣ್ವ ಕೆರಳುವುದಿಲ್ಲ, ಬಾಗಿಲಿಗೆ ಕಲ್ಲು ಬರುವುದಿಲ್ಲ. ರಾಮಿಪ್ರಿಲ್‌ನ ಲಾಭ ಪೂರ್ತಿ ಇದರಿಂದಲೇ ಅಂತ ಹೇಳೋಕಾಗದು. ಬಿ.ಪಿ. ಇಳಿಸುವುದೂ ಸೇರಿ ಅದಕ್ಕೆ ಬೇರೆ ಕೆಲಸಗಳಿವೆ. ಆದರೂ ಒಂದು ಮಾತ್ರೆ ಕುಕ್ಕರಿನ ಬಾಯಿಗೆ ಬಟ್ಟೆ ತುರುಕಲು ಹೋಯಿತು, ಇನ್ನೊಂದು ಕೆಳಗಿನ ಉರಿ ತಗ್ಗಿಸಿತು.

ವಿಟಮಿನ್ ಯಾಕೆ ತಡವಾಗಿ ಬರುತ್ತದೆ

ಮೊದಲ ಕಾರಣ ವೇಗ. ಸೂಪರ್‌ಆಕ್ಸೈಡನ್ನು ನಮ್ಮ ದೇಹದ ಕಿಣ್ವ ಹಿಡಿಯುವ ವೇಗಕ್ಕೆ ಹೋಲಿಸಿದರೆ ವಿಟಮಿನ್ ಸಿ ಸಾವಿರಾರು ಪಟ್ಟು ನಿಧಾನ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅಂತೂ ಹುಟ್ಟಿದ ಜಾಗದಲ್ಲೇ ಪಕ್ಕದವರನ್ನು ಕಚ್ಚಿ ಮುಗಿಸುತ್ತದೆ. ವಿಟಮಿನ್ ಅಲ್ಲಿಗೆ ತಲುಪುವ ಹೊತ್ತಿಗೆ ಜಗಳವೇ ಮುಗಿದಿರುತ್ತದೆ. ಇನ್ನು ಸಿಗ್ನಲ್ ಒಯ್ಯುವ ಪೆರಾಕ್ಸೈಡಿನ ಜೊತೆ ವಿಟಮಿನ್ ಸಿ, ಇ ಎರಡೂ ಹೆಚ್ಚು ವ್ಯವಹಾರವನ್ನೇ ಇಟ್ಟುಕೊಳ್ಳುವುದಿಲ್ಲ. ಅದನ್ನು ನೋಡಿಕೊಳ್ಳುವುದಕ್ಕೆ ದೇಹದ ಸ್ವಂತ ಕಿಣ್ವಗಳಿವೆ. ಹೊರಗಿನ ಮಾತ್ರೆಯಿಂದ ಆ ಕಿಣ್ವಗಳ ಸಂಖ್ಯೆ ಏರುವುದಿಲ್ಲ.

ಕೆಲವೊಮ್ಮೆ ಮಾತ್ರೆ ಕೆಲಸ ಮಾಡುತ್ತದೆ, ಆದರೆ ತಪ್ಪು ಕೆಲಸ. 2009ರಲ್ಲಿ ಜರ್ಮನಿಯಲ್ಲಿ ಮೈಕೆಲ್ ರಿಸ್ಟೋ ತಂಡ ಸುಮಾರು 40 ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿತು. ಅರ್ಧ ಜನಕ್ಕೆ ಜೊತೆಯಲ್ಲಿ ವಿಟಮಿನ್ ಸಿ ಮತ್ತು ಇ. ಬರೀ ವ್ಯಾಯಾಮ ಮಾಡಿದವರ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತೊಡಗಿತು. ವಿಟಮಿನ್ ನುಂಗಿದವರಿಗೆ ಆ ಲಾಭ ಸಿಗಲಿಲ್ಲ. ಬೆವರು ಹರಿಸಿದಾಗ ಸ್ನಾಯುವಿನಲ್ಲಿ ಹುಟ್ಟುವ ಆಕ್ಸಿಡೆಂಟ್‌ಗಳೇ ‘ಇನ್ನಷ್ಟು ಗಟ್ಟಿಯಾಗು’ ಅಂತ ಹೇಳುವ ಸುದ್ದಿಗಾರರು. ಜಿಮ್ ಮುಗಿಸಿ ಬಂದು ದೊಡ್ಡ ಡೋಸ್ ವಿಟಮಿನ್ ನುಂಗುವವರು ನನ್ನ ಪರಿಚಯದಲ್ಲೇ ಇದ್ದಾರೆ. ಈ ಪ್ರಯೋಗದ ಬಗ್ಗೆ ಹೇಳಿದರೆ ಮುಖ ಸಣ್ಣಗಾಗುತ್ತದೆ.

ತಕ್ಕಡಿ ಆಂಟಿಆಕ್ಸಿಡೆಂಟ್ ಕಡೆಗೆ ಪೂರ್ತಿ ವಾಲಿದರೆ? 2007ರಲ್ಲಿ ಅಮೆರಿಕದ ಯೂಟಾದಲ್ಲಿ ಐವರ್ ಬೆಂಜಮಿನ್ ಅವರ ಪ್ರಯೋಗಾಲಯದಲ್ಲಿ ರಾಜಶೇಖರನ್ ಮತ್ತು ಸಂಗಡಿಗರು ಒಂದು ಬಗೆಯ ಇಲಿಗಳನ್ನು ನೋಡುತ್ತಿದ್ದರು. ಮನುಷ್ಯರಲ್ಲಿ ಹೃದಯ ಸ್ನಾಯು ಹಾಳುಮಾಡುವ ಒಂದು ಜೀನ್ ದೋಷವನ್ನು ಅವುಗಳಿಗೆ ಕೊಟ್ಟಿದ್ದರು. ಆ ಹೃದಯಗಳಲ್ಲಿ ಆಕ್ಸಿಡೆಂಟ್ ಜಾಸ್ತಿ ಇರುತ್ತದೆ ಅಂತ ಯಾರೇ ಆದರೂ ಊಹಿಸುತ್ತಿದ್ದರು. ಸಿಕ್ಕಿದ್ದು ತದ್ವಿರುದ್ಧ. ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ಅಲ್ಲಿ ಉಕ್ಕಿ ಹರಿಯುತ್ತಿತ್ತು. ಅದನ್ನು ತಯಾರಾಗಿಡುವ ಒಂದು ಕಿಣ್ವವನ್ನು ಕಡಿಮೆ ಮಾಡಿದಾಗ ಇಲಿಗಳ ಹೃದಯ ಸುಧಾರಿಸಿತು. ಇದಕ್ಕೆ ‘ರಿಡಕ್ಟಿವ್ ಸ್ಟ್ರೆಸ್’ ಅಂತ ಹೆಸರಿದೆ. ಆಂಟಿಆಕ್ಸಿಡೆಂಟ್ ಜಾಸ್ತಿಯಾಗಿ ಬರುವ ಸ್ಟ್ರೆಸ್. ಜಾಹೀರಾತಿನಲ್ಲಿ ಈ ಪದವನ್ನು ನೀವು ನೋಡಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಪವಾದವನ್ನೂ ಹೇಳಬೇಕು. ಚೀನಾದ ಕೆಶಾನ್ ಅನ್ನುವ ಕಡೆ 1935ರಲ್ಲಿ ಒಂದು ಹೃದಯ ಕಾಯಿಲೆ ಕಾಣಿಸಿತು. ಮಕ್ಕಳು, ಹೆರುವ ವಯಸ್ಸಿನ ಹೆಂಗಸರು ಸಾಯುತ್ತಿದ್ದರು. ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿತು. ಆ ಪ್ರದೇಶಗಳ ಮಣ್ಣಿನಲ್ಲಿ ಸೆಲೆನಿಯಂ ಅನ್ನುವ ಖನಿಜ ಬಹಳ ಕಡಿಮೆ, ಹಾಗಾಗಿ ಬೆಳೆಯಲ್ಲೂ ಕಡಿಮೆ, ಊಟದಲ್ಲೂ ಕಡಿಮೆ. ಪೆರಾಕ್ಸೈಡನ್ನು ಹದ್ದುಬಸ್ತಿನಲ್ಲಿಡುವ ಒಂದು ಮುಖ್ಯ ಕಿಣ್ವಕ್ಕೆ ಸೆಲೆನಿಯಂ ಬೇಕೇ ಬೇಕು. 1970ರ ದಶಕದಲ್ಲಿ ಮಕ್ಕಳಿಗೆ ಸೆಲೆನಿಯಂ ಮಾತ್ರೆ ಕೊಟ್ಟಾಗ ಕಾಯಿಲೆ ಧಡಾರನೆ ಇಳಿಯಿತು. ಇಲ್ಲದವರಿಗೆ ಕೊಟ್ಟರೆ ಔಷಧಿ. ಸಾಕಷ್ಟು ಇರುವವರಿಗೆ ಮತ್ತೆ ಸುರಿದರೆ ಏನಾಗುತ್ತದೆ ಅನ್ನುವುದು ಬೇರೆಯೇ ಲೆಕ್ಕ.

ನೆಲ್ಲಿಕಾಯಿ, ದಾಳಿಂಬೆ, ಅರಿಶಿನ ಎಲ್ಲ ಬಿಡಬೇಕಾ ಅಂತ ಕೇಳಬಹುದು. ಬೇಡ, ತಿನ್ನಿ. ತರಕಾರಿ ಹಣ್ಣು ತಿನ್ನುವವರ ಹೃದಯ ಚೆನ್ನಾಗಿರುತ್ತದೆ ಅನ್ನುವುದು ಬೇರೆ ಬೇರೆ ದೇಶಗಳಲ್ಲಿ ಕಂಡ ಮಾತು. ಅವುಗಳಲ್ಲಿ ನಾರಿದೆ, ಪೊಟ್ಯಾಸಿಯಂ ಇದೆ. ಇನ್ನೊಂದು ತಮಾಷೆ ಏನೆಂದರೆ, ಅರಿಶಿನದ ಕರ್ಕ್ಯುಮಿನ್, ಎಲೆಕೋಸಿನ ಜಾತಿಯ ತರಕಾರಿಗಳ ಕೆಲವು ಅಂಶಗಳು ಪ್ರಯೋಗಾಲಯದಲ್ಲಿ ಕೋಶಕ್ಕೆ ಕೊಡುವುದು ಸಣ್ಣ ಚುಚ್ಚು. ಆ ಚುಚ್ಚಿಗೆ ಎಚ್ಚೆತ್ತು ಕೋಶ ತನ್ನದೇ ರಕ್ಷಣೆಯ ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ.

ಈಗ ಎಲ್ಲಿದ್ದೇವೆ

ಕೆರಳಿದ ನಾಕ್ಸ್ ಕಿಣ್ವವನ್ನೇ ನೇರವಾಗಿ ಬಂದ್ ಮಾಡಿದರೆ? ಅಷ್ಟು ಸುಲಭ ಇಲ್ಲ. ನಾಕ್ಸ್-4 ಅನ್ನುವ ಒಂದು ಬಗೆಯ ಬಗ್ಗೆ 2010ರಲ್ಲಿ ಒಂದೇ ವಿಜ್ಞಾನ ಪತ್ರಿಕೆಯಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಎರಡು ಲೇಖನ ಬಂದವು. ಅಮೆರಿಕದ ಜುನಿಚಿ ಸಾದೋಶಿಮಾ ತಂಡ ಅದು ಹೃದಯವನ್ನು ಹಾಳುಮಾಡುತ್ತದೆ ಅಂದಿತು. ಲಂಡನ್ನಿನ ಅಜಯ್ ಶಾ ತಂಡ ಅದೇ ಹೃದಯವನ್ನು ಕಾಪಾಡುತ್ತದೆ ಅಂದಿತು. ಇಬ್ಬರ ಇಲಿಗಳ ಹೃದಯದ ಮೇಲೂ ಒತ್ತಡ ಹೇರಿದ್ದೇ. ಆದರೆ ಇಲಿಗಳಲ್ಲಿ ಜೀನ್ ತೆಗೆದ ಬಗೆ ಬೇರೆ ಬೇರೆ. ಕೂಗು ಎಷ್ಟು, ಎಲ್ಲಿ, ಯಾವಾಗ ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ ಅಂತ ನಾನು ಇದನ್ನು ಓದಿಕೊಂಡಿದ್ದೇನೆ.

ರಕ್ತ ಮರಳುವ ಕ್ಷಣದ ಬೆಂಕಿ ಆರಿಸುವ ಪ್ರಯತ್ನಗಳೂ ಮನುಷ್ಯರಲ್ಲಿ ಏಟು ತಿಂದಿವೆ. ಮೈಟೋಕಾಂಡ್ರಿಯಾ ಒಡೆಯದ ಹಾಗೆ ನೋಡಿಕೊಳ್ಳುತ್ತದೆ ಅಂತ ಸೈಕ್ಲೋಸ್ಪೋರಿನ್ ಔಷಧಿಯನ್ನು 970 ರೋಗಿಗಳಲ್ಲಿ ಪರೀಕ್ಷಿಸಿದರು. 2015ರ ಫಲಿತಾಂಶ: ಲಾಭ ಇಲ್ಲ. ಡ್ಯೂಕ್‌ನ ನಾಯಿಗಳ ಪಾಠವನ್ನು ನೆಚ್ಚಿಕೊಂಡು ರೋಗಿಯ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿ, ಬಿಗಿದು ಬಿಟ್ಟು ಬಿಗಿದು ಬಿಟ್ಟು ಹೃದಯವನ್ನು ತಯಾರು ಮಾಡಲು ನೋಡಿದರು. ಬ್ರಿಟನ್, ಡೆನ್ಮಾರ್ಕ್, ಸ್ಪೇನ್, ಸರ್ಬಿಯಾದ 5,400 ಮಂದಿ. 2019ರಲ್ಲಿ ಅದೂ ಕೈಕೊಟ್ಟಿತು. ಸಾಕಿದ ಪ್ರಾಣಿಯ ಆರೋಗ್ಯವಂತ ಹೃದಯ ಬೇರೆ, ಸಕ್ಕರೆ ಕಾಯಿಲೆ, ಬಿ.ಪಿ., ಹತ್ತು ಮಾತ್ರೆಗಳ ಜೊತೆ ಬದುಕುವ ಅರವತ್ತರ ಮನುಷ್ಯನ ಹೃದಯ ಬೇರೆ.

ಸದ್ಯ ಭರವಸೆ ಇಟ್ಟುಕೊಂಡಿರುವುದು ಆ ಸಕ್ಸಿನೇಟ್ ಗುಡ್ಡೆಯ ಮೇಲೆ. ಅದನ್ನು ಉರಿಸುವ ಕಿಣ್ವಕ್ಕೆ ಮ್ಯಾಲೊನೇಟ್ ಅನ್ನುವ ಒಂದು ಸರಳ ಪದಾರ್ಥ ಅಡ್ಡ ನಿಲ್ಲುತ್ತದೆ. ಇಲಿಗಳಲ್ಲಿ, ಹಂದಿಗಳಲ್ಲಿ ರಕ್ತನಾಳ ತೆರೆಯುವ ಹೊತ್ತಿಗೆ ಅದನ್ನು ಕೊಟ್ಟಾಗ ಸತ್ತ ಸ್ನಾಯು ಕಡಿಮೆಯಾಯಿತು. ಇದು ಆಂಟಿಆಕ್ಸಿಡೆಂಟ್ ಅಲ್ಲ. ಹುಟ್ಟಿದ ಆಕ್ಸಿಡೆಂಟನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಹುಟ್ಟುವ ಜಾಗದಲ್ಲೇ ಉರುವಲು ಎಳೆಯುತ್ತದೆ. ಕೊಡಬೇಕಾದದ್ದು ವರ್ಷಗಟ್ಟಲೆ ಅಲ್ಲ, ಹೆಪ್ಪು ಕರಗಿ ರಕ್ತ ಒಳಗೆ ನುಗ್ಗುವ ಆ ಮೊದಲ ಕೆಲವು ನಿಮಿಷ ಮಾತ್ರ. ಅದಕ್ಕೆ ರೋಗಿ ಅಷ್ಟು ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲಿರಬೇಕು.